‘ಇತಿಹಾಸದಲ್ಲಿ ಈ ದಿನ’ ಹಲಗೆ: ತಪ್ಪಿಲ್ಲದೆ ಬರೆಯುವುದು ಹೇಗೆ?

ಬಾಗಲಕೋಟೆಯ ಒಂದು ವಾಚನಾಲಯದ ಬಾಗಿಲಲ್ಲಿ ನಾನು ದಿನಾ ಒಂದು ಕರಿಹಲಗೆ ಬರೆಯುತ್ತೇನೆ. ಅದನ್ನು ನೋಡಿದ ಹುನಗುಂದ, ಜಮಖಂಡಿ, ಮುದ್ದೇಬಿಹಾಳ ಕಡೆಯ ಮಾಸ್ತರರು ತಮ್ಮ ಶಾಲೆಯಲ್ಲೂ ಶುರು ಮಾಡುತ್ತಾರೆ. ಎರಡು ವಾರ ಚೆನ್ನಾಗಿ ನಡೆಯುತ್ತದೆ. ಆಮೇಲೆ ಮೊಬೈಲ್‌ನಲ್ಲಿ ಫೋಟೊ ಬರುತ್ತದೆ: "ಸರ, ಇದು ಸರಿ ಐತೇನ್ರಿ? ಯಾರೋ ತಪ್ಪು ಅಂದ್ರು."

ತಪ್ಪೇ ಆಗಿರುತ್ತದೆ. ಅದೂ ಪ್ರತಿ ಸಲ ಒಂದೇ ಬಗೆಯ ತಪ್ಪು. ಪ್ರಾರ್ಥನೆಗೆ ಹತ್ತು ನಿಮಿಷ ಇರುವಾಗ ಮೊಬೈಲ್ ತೆಗೆದು, ಇವತ್ತಿನ ತಾರೀಖು ಹುಡುಕಿ, ಮೊದಲು ಸಿಕ್ಕಿದ್ದನ್ನು ಇಳಿಸಿಬಿಡುತ್ತಾರೆ. ಮೊದಲು ಮಾಡಬೇಕಾದ್ದು ಕೊನೆಗೆ ಹೋಗಿರುತ್ತದೆ, ಇಲ್ಲವೇ ಆಗಿರುವುದೇ ಇಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

- ದಪ್ಪ ಕಾಗದದ 366 ಚೀಟಿಗಳು. 365 ಅಲ್ಲ.
- ಅವು ನಿಲ್ಲುವಂಥ ಒಂದು ಡಬ್ಬಿ. ನನ್ನದು ಬೂಟಿನ ಡಬ್ಬಿ.
- ಪೆನ್ಸಿಲ್ ಮತ್ತು ಪೆನ್ನು, ಎರಡೂ.
- ಒಂದು ಪಂಚಾಂಗ.
- ಜಿಲ್ಲಾ ಗ್ಯಾಸೆಟಿಯರ್, ಪಠ್ಯಪುಸ್ತಕ, ಒಂದು ವಿಶ್ವಕೋಶ. ಮನೆಯಲ್ಲಿ ಇರಬೇಕಿಲ್ಲ, ಗ್ರಂಥಾಲಯದಲ್ಲಿ ಸಿಕ್ಕರೆ ಸಾಕು.

ಪೆನ್ಸಿಲ್ ಯಾಕೆ ಅಂದರೆ, ಎಲ್ಲಿಂದಲೋ ಕೇಳಿದ್ದನ್ನು ಪೆನ್ಸಿಲ್‌ನಲ್ಲಿ ಬರೆಯಬೇಕು. ತಾಳೆ ನೋಡಿದ ಮೇಲೆ ಅದರ ಮೇಲೆ ಪೆನ್ನು ಎಳೆಯಬೇಕು. ಪೆನ್ಸಿಲ್ ಬರಹ ಯಾವತ್ತೂ ಹಲಗೆಗೆ ಹೋಗಬಾರದು. ಈ ಒಂದು ನಿಯಮ ಪಾಲಿಸಿದರೆ ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ.

## ಹಂತ 1: ಇವತ್ತಿನಿಂದ ಅಲ್ಲ, ನಿಮ್ಮ ಜಿಲ್ಲೆಯಿಂದ ಶುರು ಮಾಡಿ

ಇವತ್ತಿನ ತಾರೀಖಿಗೆ ಏನಿದೆ ಎಂದು ಹುಡುಕಿದರೆ ಎಲ್ಲೆಲ್ಲಿಯದೋ ಸಿಗುತ್ತದೆ, ನಮ್ಮದು ಸಿಗುವುದಿಲ್ಲ. ಅದಕ್ಕೇ ಉಲ್ಟಾ ಹೋಗಿ. ಮೊದಲು ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳ ಘಟನೆಗಳ ಪಟ್ಟಿ ಮಾಡಿ. ಆಮೇಲೆ ಪ್ರತಿಯೊಂದಕ್ಕೂ ದಿನ ಹುಡುಕಿ ಆಯಾ ಚೀಟಿಗೆ ಹಾಕಿ.

ನನ್ನ ಡಬ್ಬಿಗೆ ಮೊದಲು ಬಿದ್ದ ಕೆಲವು ಇವು: 1565ರ ಜನವರಿ 23, ತಾಳಿಕೋಟೆ ಯುದ್ಧ. 1824ರ ಅಕ್ಟೋಬರ್ 23, ಕಿತ್ತೂರಿನಲ್ಲಿ ಬ್ರಿಟಿಷರಿಗೆ ಸೋಲು, ಧಾರವಾಡದ ಕಲೆಕ್ಟರ್ ಥ್ಯಾಕರೆ ಸಾವು. 1831ರ ಜನವರಿ 26, ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನಿಗೆ ಗಲ್ಲು. 1880ರ ಜುಲೈ 2, ವಿಜಯಪುರದಲ್ಲಿದ್ದು ವಚನಗಳನ್ನು ಸಂಗ್ರಹಿಸಿದ ಫ.ಗು. ಹಳಕಟ್ಟಿಯವರ ಜನನ. 1924ರ ಡಿಸೆಂಬರ್ 26, ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಮೊದಲ ದಿನ. 1964ರ ಮೇ 22, ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು. 2012ರ ಅಕ್ಟೋಬರ್ 11, ಬೆಳಗಾವಿಯ ಸುವರ್ಣ ವಿಧಾನಸೌಧದ ಉದ್ಘಾಟನೆ.

ಇಂಥ ಇಪ್ಪತ್ತು ಮೂವತ್ತು ಸಿಕ್ಕ ಮೇಲೆ ದೇಶದ್ದು, ಆಮೇಲೆ ಜಗತ್ತಿನದು. ವರ್ಷ ಮಾತ್ರ ಗೊತ್ತಿದ್ದು ದಿನ ಗೊತ್ತಿಲ್ಲದಿದ್ದರೆ ಚೀಟಿ ಮಾಡಬೇಡಿ. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ಬರೆದ ಶಾಸನ ಎಷ್ಟು ದೊಡ್ಡದು, ಅಲ್ವಾ? ಅದರಲ್ಲಿ ಇರುವುದು ಶಕ 556, ಅಂದರೆ ಕ್ರಿ.ಶ. 634ರ ಸುಮಾರು. ನಮ್ಮ ಹಲಗೆಗೆ ಬೇಕಾದ ತಿಂಗಳು, ದಿನ ಸಿಗುವುದಿಲ್ಲ. ಸುಮ್ನೆ ಒಂದು ದಿನ ಹಚ್ಚಿ ಹಲಗೆಗೆ ಏರಿಸಬೇಡಿ.

## ಹಂತ 2: ಚೀಟಿಯಲ್ಲಿ ಐದು ಸಾಲು

ಪ್ರತಿ ಘಟನೆಗೆ ಐದು ವಿಷಯ ಬರೆಯಿರಿ: ವರ್ಷ, ಜಾಗ, ಯಾರು, ಏನಾಯಿತು, ಎಲ್ಲಿ ಓದಿದ್ದು. ಐದನೆಯದನ್ನೇ ಎಲ್ಲರೂ ಬಿಡುತ್ತಾರೆ. ಆರು ತಿಂಗಳ ಮೇಲೆ ಯಾರಾದರೂ "ಇದು ಎಲ್ಲಿಂದ ಬಂತು?" ಎಂದು ಕೇಳಿದಾಗ ಆ ಸಾಲು ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಹುಡುಕಬೇಕು.

ತಾರೀಖನ್ನು ಅಂಕಿ ಮತ್ತು ಗೆರೆಯಲ್ಲಿ ಬರೆಯಬೇಡಿ. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ. ಅಮೆರಿಕದವರು ತಿಂಗಳನ್ನು ಮೊದಲು ಹಾಕುತ್ತಾರೆ, ನಾವು ದಿನವನ್ನು. ನ್ಯೂಯಾರ್ಕ್ ದಾಳಿಯನ್ನು ಅವರು 9/11 ಎನ್ನುತ್ತಾರೆ, ಅದು ಸೆಪ್ಟೆಂಬರ್ 11. ಅದನ್ನು ನವೆಂಬರ್ 9ರ ಚೀಟಿಗೆ ಹಾಕಿದವರನ್ನು ನಾನೇ ನೋಡಿದ್ದೇನೆ. ನವೆಂಬರ್ 9ಕ್ಕೆ ಸೇರಬೇಕಾದ್ದು ಬೇರೆ: 1989ರಲ್ಲಿ ಬರ್ಲಿನ್ ಗೋಡೆ ತೆರೆದದ್ದು. ಸೆಪ್ಟೆಂಬರ್ 11ಕ್ಕೆ ಇನ್ನೊಂದು ಇದೆ, 1893ರಲ್ಲಿ ಶಿಕಾಗೊದಲ್ಲಿ ವಿವೇಕಾನಂದರ ಭಾಷಣ.

## ಹಂತ 3: ಯಾವ ಲೆಕ್ಕದ ದಿನ ಎಂದು ನೋಡಿ

ಜಾಸ್ತಿ ಜನ ಎಡವುವುದು ಇಲ್ಲೇ. ‘ಒಂದೇ ದಿನ’ ಎನ್ನುವ ಮಾತು ನೋಡಲು ಸರಳ. ಆದರೆ ಎರಡು ಘಟನೆಗಳ ದಿನವನ್ನು ಎರಡು ಬೇರೆ ಲೆಕ್ಕದಲ್ಲಿ ಎಣಿಸಿದ್ದರೆ ಅವು ಒಂದೇ ದಿನ ಹೇಗಾಗುತ್ತವೆ? ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ತಿಥಿಯೋ, ತಾರೀಖೋ? ಬಸವ ಜಯಂತಿ ವೈಶಾಖ ಶುದ್ಧ ತದಿಗೆಗೆ, ಅಂದರೆ ಅಕ್ಷಯ ತದಿಗೆಗೆ ಬರುತ್ತದೆ. 2024ರಲ್ಲಿ ಅದು ಮೇ 10, 2025ರಲ್ಲಿ ಏಪ್ರಿಲ್ 30. ಒಂದು ವರ್ಷ ನೋಡಿದ ತಾರೀಖನ್ನು ಚೀಟಿಯಲ್ಲಿ ಬರೆದಿಟ್ಟರೆ ಮುಂದಿನ ವರ್ಷ ಬಸವನ ಬಾಗೇವಾಡಿಯಲ್ಲಿ ಮೆರವಣಿಗೆ ಒಂದು ದಿನ, ನಿಮ್ಮ ಹಲಗೆಯಲ್ಲಿ ಜಯಂತಿ ಇನ್ನೊಂದು ದಿನ. ತಿಥಿಯ ಘಟನೆಗಳಿಗೆ ಬೇರೆ ಬಣ್ಣದ ಚೀಟಿ ಮಾಡಿ. ಯುಗಾದಿಗೆ ಹೊಸ ಪಂಚಾಂಗ ಬಂದ ದಿನ ಕೂತು, ಆ ವರ್ಷ ಅವು ಎಲ್ಲಿ ಬೀಳುತ್ತವೆ ಎಂದು ನೋಡಿ ಡಬ್ಬಿಯಲ್ಲಿ ಜಾಗ ಬದಲಿಸಿ. ಅರ್ಧ ತಾಸಿನ ಕೆಲಸ.

ಶಾಸನಗಳದ್ದೂ ಇದೇ ಕಥೆ. ಬಾದಾಮಿಯ ಮೂರನೇ ಗುಹೆಯ ಶಾಸನದಲ್ಲಿ ಶಕ 500, ಕಾರ್ತಿಕ ಹುಣ್ಣಿಮೆ ಎಂದಿದೆ. ಶಕ ವರ್ಷಕ್ಕೆ 78 ಕೂಡಿಸಿದರೆ 578. ವರ್ಷ ಸಿಕ್ಕಿತು. ದಿನಕ್ಕೆ ಇಂಗ್ಲಿಷ್ ತಾರೀಖು ಹುಡುಕುತ್ತ ಕೂರಬೇಡಿ, ಕಾರ್ತಿಕ ಹುಣ್ಣಿಮೆಗೇ ಹಾಕಿ. ಕಲ್ಲಿನಲ್ಲಿ ಕೆತ್ತಿದ್ದೇ ಅದು. ಒಂದು ಎಚ್ಚರಿಕೆ: ಶಕ ವರ್ಷ ಯುಗಾದಿಗೆ ಬದಲಾಗುತ್ತದೆ. ಹಾಗಾಗಿ ಜನವರಿಯಿಂದ ಯುಗಾದಿವರೆಗಿನ ಘಟನೆಗೆ 79 ಕೂಡಿಸಬೇಕು. ಮಾಘ, ಫಾಲ್ಗುಣ ಎಂದು ಕಂಡರೆ ಇದನ್ನು ನೆನಪಿಡಿ.

ಹಿಜರಿಯೋ? ಆದಿಲಶಾಹಿ ಕಾಲದ ವಿಜಯಪುರದ ಬರಹಗಳಲ್ಲಿ ಹಿಜರಿ ವರ್ಷ ಇರುತ್ತದೆ. ಹಿಜರಿ ವರ್ಷ ನಮ್ಮ ಕ್ಯಾಲೆಂಡರ್ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದು. ಶಕಕ್ಕೆ ಮಾಡಿದಂತೆ ಒಂದು ಸಂಖ್ಯೆ ಕೂಡಿಸಿದರೆ ಬರುವುದಿಲ್ಲ. ಒಳ್ಳೆಯ ಪುಸ್ತಕದಲ್ಲಿ ಆಗಲೇ ಬದಲಿಸಿಟ್ಟ ತಾರೀಖು ಇದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಬಿಡಿ.

ಹಳೆಯ ಲೆಕ್ಕವೋ, ಹೊಸ ಲೆಕ್ಕವೋ? ಇವತ್ತು ಗೋಡೆಯ ಮೇಲಿರುವ ಕ್ಯಾಲೆಂಡರ್ ಶುರುವಾದದ್ದು 1582ರಲ್ಲಿ. ಅದಕ್ಕೂ ಮೊದಲಿನ ಜೂಲಿಯನ್ ಕ್ಯಾಲೆಂಡರ್ ಅಷ್ಟೊತ್ತಿಗೆ ಹತ್ತು ದಿನ ಹಿಂದೆ ಬಿದ್ದಿತ್ತು. ಅದಕ್ಕೇ ಆ ವರ್ಷ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಎಣಿಸಿದರು. ಎಲ್ಲ ದೇಶಗಳೂ ಒಟ್ಟಿಗೆ ಬದಲಿಸಲಿಲ್ಲ. ಬ್ರಿಟನ್ ಬದಲಿಸಿದ್ದು 1752ರಲ್ಲಿ: ಸೆಪ್ಟೆಂಬರ್ 2 ಆದ ಮೇಲೆ ಸೆಪ್ಟೆಂಬರ್ 14. ರಷ್ಯಾ 1918ರಲ್ಲಿ: ಜನವರಿ 31 ಆದ ಮೇಲೆ ಫೆಬ್ರವರಿ 14.

ಇದು ಹಲಗೆಗೆ ಯಾಕೆ ಬೇಕು? ನವೆಂಬರ್ 7ರಂದು ರಷ್ಯಾದ ಅಕ್ಟೋಬರ್ ಕ್ರಾಂತಿ ಎಂದು ಬರೆದು ನೋಡಿ. ಮೂರನೇ ಸಾಲಿನ ಹುಡುಗಿ ಕೇಳೇ ಕೇಳುತ್ತಾಳೆ: "ಅಕ್ಟೋಬರ್ ಕ್ರಾಂತಿ ನವೆಂಬರ್‌ದಾಗ ಯಾಕ್ರಿ ಸರ?" 1917ರಲ್ಲಿ ರಷ್ಯಾದ ಹಳೆಯ ಲೆಕ್ಕದಲ್ಲಿ ಅದು ಅಕ್ಟೋಬರ್ 25 ಆಗಿತ್ತು, ನಮ್ಮ ಲೆಕ್ಕದಲ್ಲಿ ನವೆಂಬರ್ 7. ಉತ್ತರ ಚೀಟಿಯ ಹಿಂದೆ ಇರಲಿ. ಅದೇ ನವೆಂಬರ್ 7ಕ್ಕೆ ಮೇರಿ ಕ್ಯೂರಿ (1867) ಮತ್ತು ಸಿ.ವಿ. ರಾಮನ್ (1888) ಹುಟ್ಟಿದ್ದು.

ಫಾರ್ವರ್ಡ್‌ಗಳಲ್ಲಿ ಪದೇ ಪದೇ ಬರುವ ಇನ್ನೊಂದು: ಇಂಗ್ಲೆಂಡಿನ ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಲೇಖಕ ಸರ್ವಾಂಟಿಸ್ ಒಂದೇ ದಿನ, 1616ರ ಏಪ್ರಿಲ್ 23ರಂದು ಸತ್ತರು ಎಂದು. ಆಗ ಸ್ಪೇನ್ ಹೊಸ ಲೆಕ್ಕದಲ್ಲಿತ್ತು, ಇಂಗ್ಲೆಂಡ್ ಹಳೆಯ ಲೆಕ್ಕದಲ್ಲಿತ್ತು. ಎರಡೂ ಕಡೆ ಏಪ್ರಿಲ್ 23 ಎಂದೇ ಇಟ್ಟುಕೊಂಡರೂ ನಡುವೆ ಹತ್ತು ದಿನದ ಅಂತರ.

ನಮ್ಮ ತಾಳಿಕೋಟೆ ಯುದ್ಧವೂ ಹಳೆಯ ಲೆಕ್ಕದ್ದೇ. 1565ರಲ್ಲಿ ಹೊಸ ಲೆಕ್ಕ ಹುಟ್ಟಿರಲೇ ಇಲ್ಲ. ಹೊಸದಕ್ಕೆ ಬದಲಿಸಿದರೆ ಅದು ಫೆಬ್ರವರಿ 2 ಆಗುತ್ತದೆ. ಬದಲಿಸಬೇಕಾ? ಬೇಡ. ಹೆಚ್ಚಿನ ಪುಸ್ತಕಗಳು ಜನವರಿ 23 ಎನ್ನುವಾಗ ನೀವೊಬ್ಬರೇ ಫೆಬ್ರವರಿ 2 ಎಂದರೆ ಓದುವವರಿಗೆ ಗೊಂದಲ. ಜನವರಿ 23ಕ್ಕೇ ಹಾಕಿ, ಪಕ್ಕದಲ್ಲಿ ಚಿಕ್ಕದಾಗಿ ‘ಹಳೆಯ ಲೆಕ್ಕ’ ಎಂದು ಬರೆಯಿರಿ. ಮಾಡಬಾರದ್ದು ಒಂದೇ. ನೇತಾಜಿ ಹುಟ್ಟಿದ್ದು 1897ರ ಜನವರಿ 23. ಎರಡನ್ನೂ ಸೇರಿಸಿ ‘ಸರಿಯಾಗಿ 332 ವರ್ಷಗಳ ನಂತರ ಅದೇ ದಿನ’ ಎಂದು ಬರೆಯಬೇಡಿ. ಅದು ಅದೇ ದಿನ ಅಲ್ಲ.

ಯಾವ ಊರಿನ ಗಡಿಯಾರ? ಘಟನೆ ನಡೆದ ಜಾಗದ ತಾರೀಖನ್ನೇ ಹಿಡಿಯಿರಿ. ಚಂದ್ರನ ಮೇಲೆ ಅಪೋಲೊ 11 ಇಳಿದಾಗ ನಮ್ಮಲ್ಲಿ ಜುಲೈ 21ರ ನಸುಕಿನ 1 ಗಂಟೆ 47 ನಿಮಿಷ. ಪುಸ್ತಕಗಳಲ್ಲಿ 1969ರ ಜುಲೈ 20. ಚಂದ್ರನ ಮೇಲೆ ಊರ ಗಡಿಯಾರ ಇಲ್ಲವಲ್ಲ, ಅಲ್ಲಿ ಮಾತ್ರ ಪುಸ್ತಕದ ಮಾತೇ ಸರಿ.

## ಹಂತ 4: ತಾಳೆ ನೋಡುವುದು

ಎರಡು ಕಡೆ ಇದ್ದರೆ ಸಾಕು ಎನ್ನುತ್ತಾರೆ. ಸಾಲದು. ಒಂದನ್ನು ನೋಡಿ ಇನ್ನೊಂದು ಬರೆದಿದ್ದರೆ ಅವೆರಡೂ ಒಂದೇ. ಮೂರು ವೆಬ್‌ಸೈಟ್‌ನಲ್ಲಿ ಅಕ್ಷರವೂ ಬದಲಾಗದೆ ಅದೇ ವಾಕ್ಯ ಇದ್ದರೆ ಅದು ಮೂರು ಸಾಕ್ಷಿ ಅಲ್ಲ, ಒಂದು. ಒಂದು ಅಚ್ಚಾದ ಪುಸ್ತಕ ಮತ್ತು ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ಮೂಲ, ಎರಡೂ ಒಂದೇ ದಿನ ಹೇಳಬೇಕು. ಎಐ ಆ್ಯಪ್ ಕೇಳಿದರೆ ಒಂದೇ ಉಸಿರಿಗೆ ಹತ್ತು ಘಟನೆ ಕೊಡುತ್ತದೆ. ವರ್ಷ ಸರಿ ಇದ್ದು ದಿನ ತಪ್ಪಿರುವುದು ಅದರಲ್ಲಿ ಮಾಮೂಲು. ಅದೂ ಪೆನ್ಸಿಲ್ ಬರಹವೇ.

ಮೂಲಗಳು ಜಗಳವಾಡಿದರೆ? ಕಿತ್ತೂರು ಚನ್ನಮ್ಮನ ಚೀಟಿ ನೋಡಿ. ಯುದ್ಧದ ದಿನ ಅಕ್ಟೋಬರ್ 23, ಅದರಲ್ಲಿ ತಕರಾರಿಲ್ಲ. ಹುಟ್ಟಿದ ದಿನ ಮಾತ್ರ ಕೆಲವು ಕಡೆ ಅಕ್ಟೋಬರ್ 23, ಕೆಲವು ಕಡೆ ನವೆಂಬರ್ 14. ಗಟ್ಟಿಯಾದದ್ದನ್ನು ಹಲಗೆಗೆ ಹಾಕಿ, ಇನ್ನೊಂದು ಪೆನ್ಸಿಲ್‌ನಲ್ಲೇ ಇರಲಿ. ರಾಯಣ್ಣನ ಜಯಂತಿ ಆಗಸ್ಟ್ 15ಕ್ಕೆ ನಡೆಯುತ್ತದೆ, ಆದರೆ ಹುಟ್ಟಿದ ವರ್ಷ ಒಂದು ಕಡೆ 1796, ಇನ್ನೊಂದು ಕಡೆ 1798. ಅಲ್ಲಿ ‘ರಾಯಣ್ಣ ಜಯಂತಿ’ ಎಂದಷ್ಟೇ ಬರೆಯಿರಿ. ಹುಟ್ಟಿದ್ದು ಸ್ವಾತಂತ್ರ್ಯ ದಿನ, ಗಲ್ಲಿಗೇರಿದ್ದು ಗಣರಾಜ್ಯ ದಿನ ಎಂಬುದು ಯಾರಿಗಾದರೂ ಮೈ ಜುಂ ಎನ್ನಿಸುವ ಮಾತು. ಮಕ್ಕಳಿಗೆ ಹೇಳಿ, ತಪ್ಪಿಲ್ಲ. ಆದರೆ ಅವನ ಕಾಲಕ್ಕೆ ಆ ಎರಡೂ ದಿನ ಸಾದಾ ದಿನಗಳೇ ಆಗಿದ್ದವು ಎಂಬುದನ್ನೂ ಸೇರಿಸಿ ಹೇಳಿ.

ವಾರ ನೋಡುವುದು ಸುಲಭದ ಉಪಾಯ. ಮೂಲದಲ್ಲಿ ವಾರವೂ ಇದ್ದರೆ ಮೊಬೈಲ್ ಕ್ಯಾಲೆಂಡರ್ ಹಿಂದಕ್ಕೆ ಸರಿಸಿ ತಾಳೆ ಹಾಕಿ. 1824ರ ಅಕ್ಟೋಬರ್ 23 ಶನಿವಾರ. ವಾರ ಕೂಡದಿದ್ದರೆ ತಾರೀಖು ಬರೆಯುವಾಗ ಯಾರೋ ಕೈತಪ್ಪಿದ್ದಾರೆ. ಇದು ಹೊಸ ಲೆಕ್ಕದ ತಾರೀಖುಗಳಿಗೆ ಮಾತ್ರ.

ಇನ್ನು ಪದವಿ, ಅಂದರೆ ಆ ದಿನ ಅವರು ಯಾವ ಹುದ್ದೆಯಲ್ಲಿದ್ದರು ಎಂಬುದು. ಇದರಲ್ಲಿ ನಾನೇ ಮುಗ್ಗರಿಸಿದ್ದೇನೆ.

## ಹಂತ 5: ಒಂದು ಚೀಟಿ ಪೂರ್ತಿ ಮಾಡಿ ನೋಡೋಣ: ಮೇ 22

ಕೆಲವು ವರ್ಷಗಳ ಹಿಂದೆ ಮೇ 22ರಂದು ನಾನು ಹಲಗೆಯಲ್ಲಿ ಬರೆದದ್ದು: ‘1964: ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅವರಿಂದ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು.’ ಜಲಾಶಯಕ್ಕೆ ಅವರ ಹೆಸರೇ ಇದೆ. ತಪ್ಪಾಗಬಹುದು ಎಂಬ ಅನುಮಾನವೂ ಬರಲಿಲ್ಲ.

ಪೇಪರ್ ಓದಲು ದಿನಾ ಬರುವ ಅಜ್ಜ ಒಬ್ಬರಿದ್ದಾರೆ. ಮುಳುಗಡೆಯಲ್ಲಿ ಹಳೆ ಊರಿನ ಮನೆ ಕಳೆದುಕೊಂಡವರು. ಚಪ್ಪಲಿ ಬಿಡುತ್ತ ಹಲಗೆ ಓದಿದರು. ಒಳಗೆ ಬಂದು ಪೇಪರ್ ಬಿಡಿಸಿದರು. ಮತ್ತೆ ಮಡಚಿಟ್ಟು ಎದ್ದು ಬಂದರು.

"ಸರ, ಆವತ್ತ ಶಾಸ್ತ್ರಿಯವರು ಪ್ರಧಾನಿ ಆಗಿದ್ದಿಲ್ರಿ. ನೆಹರೂ ಇನ್ನೂ ಇದ್ರಲ್ರಿ."

ಅವರದೇ ಸರಿ. ನೆಹರೂ ತೀರಿಕೊಂಡದ್ದು 1964ರ ಮೇ 27ಕ್ಕೆ, ಅಡಿಗಲ್ಲು ಬಿದ್ದ ಐದು ದಿನಕ್ಕೆ. ಶಾಸ್ತ್ರಿಯವರು ಪ್ರಧಾನಿಯಾದದ್ದು ಜೂನ್ 9ಕ್ಕೆ. ಮೇ 22ರಂದು ಅವರು ಕೇಂದ್ರದಲ್ಲಿ ಸಚಿವರು ಅಷ್ಟೆ. ಅಜ್ಜ ಒಂದು ಮಾತೂ ಜಾಸ್ತಿ ಆಡಲಿಲ್ಲ. ನಾನು ಒದ್ದೆ ಬಟ್ಟೆ ತಂದು ‘ಪ್ರಧಾನಿ’ ಒರೆಸುವವರೆಗೆ ಅಲ್ಲೇ ನಿಂತಿದ್ದು, ಆಮೇಲೆ ಹೋಗಿ ಪೇಪರ್ ತೆಗೆದುಕೊಂಡರು.

ಅಂದಿನಿಂದ ಪದವಿ ಇರುವ ಪ್ರತಿ ಚೀಟಿಯಲ್ಲೂ ‘ಆ ದಿನ ಏನಾಗಿದ್ದರು?’ ಎಂದು ಬರೆದು ನೋಡುತ್ತೇನೆ. ಈಗ ಮೇ 22ರ ಚೀಟಿ ಹೀಗಿದೆ:

- 1772: ರಾಜಾ ರಾಮಮೋಹನ ರಾಯರ ಜನನ. (ಕೆಲವರು 1774 ಎನ್ನುತ್ತಾರೆ. ಹಲಗೆಗೆ ವರ್ಷ ಬೇಡ.)
- 1960: ಚಿಲಿಯಲ್ಲಿ ಭೂಕಂಪ, ತೀವ್ರತೆ 9.5. ಉಪಕರಣದಲ್ಲಿ ದಾಖಲಾದವುಗಳಲ್ಲಿ ಅತಿ ದೊಡ್ಡದು. (ಅಲ್ಲಿ 22ರ ಮಧ್ಯಾಹ್ನ, ನಮ್ಮಲ್ಲಿ ಆಗಲೇ 23. ಅಲ್ಲಿಯ ತಾರೀಖೇ ಇರಲಿ.)
- 1964: ಲಾಲ್ ಬಹಾದ್ದೂರ್ ಶಾಸ್ತ್ರಿ ಅವರಿಂದ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು. (ಪ್ರಧಾನಿ ಅಲ್ಲ! ಅಜ್ಜ.)
- 2010: ಮಂಗಳೂರಿನಲ್ಲಿ ದುಬೈನಿಂದ ಬಂದ ವಿಮಾನ ಅಪಘಾತ, 158 ಜನರ ಸಾವು.

ಆವರಣದಲ್ಲಿ ಇರುವುದು ನನಗಾಗಿ. ಹಲಗೆಗೆ ಹೋಗುವುದಿಲ್ಲ.

## ಹಂತ 6: ಮೂರೇ ಸಾಕು

ಹಲಗೆಯಲ್ಲಿ ಮೂರಕ್ಕಿಂತ ಹೆಚ್ಚು ಬೇಡ. ಒಂದು ನಮ್ಮ ಕಡೆಯದು, ಒಂದು ದೇಶದ್ದು, ಒಂದು ಹೊರಗಿನದು. ನಮ್ಮ ಕಡೆಯದು ಇಲ್ಲದ ದಿನ ಎರಡೇ ಇರಲಿ, ತುಂಬಿಸಲು ಹೋಗಬೇಡಿ.

ಸಾವು ನೋವಿನ ದಿನ ಸ್ವಲ್ಪ ನೋಡಿಕೊಳ್ಳಿ. ಡಿಸೆಂಬರ್ 26ಕ್ಕೆ ಬೆಳಗಾವಿ ಅಧಿವೇಶನವೂ ಇದೆ, 2004ರ ಸುನಾಮಿಯೂ ಇದೆ. ಬಣ್ಣದ ಚಾಕ್‌ನಲ್ಲಿ ಹೂವು ಬಿಡಿಸಿ ಅದರ ಕೆಳಗೆ ಸುನಾಮಿ ಬರೆದಿದ್ದ ಒಂದು ಫೋಟೊ ನನಗೆ ಬಂದಿತ್ತು. ಬರೆದವರಿಗೆ ಗೊತ್ತೇ ಆಗಿರಲಿಲ್ಲ.

## ಹಂತ 7: ಹಲಗೆಗೆ ಇಳಿಸುವುದು

ಒಂದು ಘಟನೆಗೆ ಒಂದು ವಾಕ್ಯ. ಮೊದಲು ವರ್ಷ, ಆಮೇಲೆ ಜಾಗ, ಆಮೇಲೆ ಏನಾಯಿತು. ಹೊಗಳಿಕೆ ಬೇಡ. ಮಾದರಿ:

‘1924: ಬೆಳಗಾವಿಯಲ್ಲಿ ಕಾಂಗ್ರೆಸ್‌ನ 39ನೇ ಅಧಿವೇಶನ ಶುರು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಅಧಿವೇಶನ.’

ಹೆಸರುಗಳಲ್ಲಿ ಆ ಕಾಲದ್ದು, ಈ ಕಾಲದ್ದು ಕಲಸಬೇಡಿ. ನವೆಂಬರ್ 1 ಇದಕ್ಕೆ ದೊಡ್ಡ ಪರೀಕ್ಷೆ. 1956ರಲ್ಲಿ ಕನ್ನಡ ಮಾತಾಡುವ ಪ್ರದೇಶಗಳು ಒಂದಾದವು, ಅಲ್ಲಿವರೆಗೆ ಮುಂಬೈ ರಾಜ್ಯದಲ್ಲಿದ್ದ ಬೆಳಗಾವಿ, ವಿಜಾಪುರ ಜಿಲ್ಲೆಗಳೂ ಸೇರಿದವು. ಆದರೆ ರಾಜ್ಯದ ಹೆಸರು ಆಗ ಮೈಸೂರು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ‘ವಿಜಯಪುರ’, ‘ಬೆಳಗಾವಿ’ ಎಂದು ಸರ್ಕಾರಿ ಕಾಗದದಲ್ಲಿ ಬದಲಾದದ್ದು 2014ರ ನವೆಂಬರ್ 1ಕ್ಕೆ. ಮೂರೂ ಒಂದೇ ತಾರೀಖು, ಮೂರು ಬೇರೆ ವರ್ಷ. ‘1956: ಕರ್ನಾಟಕ ರಾಜ್ಯಕ್ಕೆ ನಾಮಕರಣ’ ಎಂಬ ಹಲಗೆ ಪ್ರತಿ ವರ್ಷ ಎಲ್ಲೋ ಒಂದು ಕಡೆ ಕಾಣುತ್ತದೆ.

ಜಾಗದ ಹೆಸರೂ ಹಾಗೇ. ತಾಳಿಕೋಟೆ ಯುದ್ಧ ತಾಳಿಕೋಟೆ ಊರೊಳಗೆ ನಡೆದದ್ದಲ್ಲ. ರಕ್ಕಸಗಿ, ತಂಗಡಗಿ ಊರುಗಳ ಹೆಸರು ಸೇರಿಸಿ ರಕ್ಕಸತಂಗಡಿ ಯುದ್ಧ ಎಂದೂ ಕರೆಯುತ್ತಾರೆ. ಆ ಕಡೆಯ ಮಕ್ಕಳಿರುವ ಶಾಲೆಯಾದರೆ ಎರಡೂ ಹೆಸರು ಬರೆಯಿರಿ.

## ಈ ಗುರುತು ಕಂಡರೆ ನಿಲ್ಲಿ

- ‘ಇದೇ ದಿನ’ ಎಂದಿದೆ, ವರ್ಷ ಇಲ್ಲ.
- ‘ಜಗತ್ತಿನಲ್ಲೇ ಮೊದಲು’ ಎಂದಿದೆ, ಎಲ್ಲಿ ಎಂದಿಲ್ಲ.
- 1582ಕ್ಕೂ ಹಿಂದಿನ ಘಟನೆಗೆ ತಾರೀಖು, ವಾರ, ಗಂಟೆ ಎಲ್ಲವೂ ಇದೆ.
- ಹುಟ್ಟಿದ ದಿನ ಮತ್ತು ದೊಡ್ಡ ಸಾಧನೆಯ ದಿನ ಒಂದೇ ಆಗಿದೆ. ಬಹಳ ಸಲ ಒಂದನ್ನು ನೋಡಿ ಇನ್ನೊಂದು ಬರೆದಿರುತ್ತಾರೆ.
- ಕೊನೆಯಲ್ಲಿ ‘ಎಲ್ಲರಿಗೂ ಕಳಿಸಿ’ ಎಂದಿದೆ.

## ಹಂತ 8: ತಪ್ಪಾದರೆ

ಸದ್ದಿಲ್ಲದೆ ಒರೆಸಬೇಡಿ. ಮರುದಿನದ ಹಲಗೆಯ ಕೆಳಗಿನ ಮೂಲೆಯಲ್ಲಿ ‘ನಿನ್ನೆಯ ತಿದ್ದುಪಡಿ’ ಎಂದು ಒಂದು ಸಾಲು ಬರೆಯಿರಿ. ತಿದ್ದಿದವರು ಹುಡುಗನಾದರೆ ಅವನ ಕೈಯಲ್ಲೇ ಬರೆಸಿ. ಚೀಟಿಯಲ್ಲಿ ಹಳೆಯದನ್ನು ಹರಿದು ಹಾಕದೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆಯಿರಿ. ಮುಂದಿನ ವರ್ಷ ಅದೇ ತಪ್ಪು ಫಾರ್ವರ್ಡ್ ಆಗಿ ಮತ್ತೆ ಬರುತ್ತದೆ, ಆಗ ಆ ಗೆರೆ ಬೇಕಾಗುತ್ತದೆ.

ಮತ್ತೆ ಆ 366ನೇ ಚೀಟಿ. ಫೆಬ್ರವರಿ 29. ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಆ ದಿನ. ಅದನ್ನು ಫೆಬ್ರವರಿ 28ಕ್ಕೆ ಇಲ್ಲವೇ ಮಾರ್ಚ್ 1ಕ್ಕೆ ಸರಿಸಬೇಡಿ. ಡಬ್ಬಿಯಲ್ಲಿ ಅದರ ಜಾಗದಲ್ಲೇ ಇರಲಿ, 2028ಕ್ಕೆ ತೆಗೆಯೋಣ.